ಡಬ್ಬದ ತಪ್ಪೋ, ಕಿವಿಯ ತಪ್ಪೋ?

ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗಳು ನನಗೊಂದು ಹೆಡ್‌ಫೋನು ತಂದುಕೊಟ್ಟಳು. ಕಿವಿಯನ್ನು ಪೂರ್ತಿ ಮುಚ್ಚುವ, ಎರಡು ಕಪ್ಪು ಬಟ್ಟಲುಗಳಿರುವ, ವೈರಿನ ಹೆಡ್‌ಫೋನು. “ಅಪ್ಪ, ಇನ್ನು ನೀನು ಎಷ್ಟು ಬೇಕಾದ್ರೂ ರೇಡಿಯೊ ಕೇಳು. ಮನೆಯವರಿಗೆ ಕೇಳ್ಸೋದೇ ಇಲ್ಲ” ಎಂದಳು. ಅದು ಉಡುಗೊರೆಯೋ, ಮನೆಯವರೆಲ್ಲ ಸೇರಿ ಕೊಟ್ಟ ದೂರು ಅರ್ಜಿಯೋ ಎಂಬುದು ನನಗೆ ಆಗ ಹೊಳೆಯಲಿಲ್ಲ.

ನಮ್ಮ ಮನೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಮುಖ್ಯರಸ್ತೆಯಿಂದ ಒಂದು ತಿರುವು ಒಳಗಿದೆ. ಬಟ್ಟೆ ಅಂಗಡಿಗಳ ಗಿರಾಕಿಗಳು, ಬೈಕುಗಳು, ಆಟೊಗಳು, ಹಾರನ್ನು. ಬೆಳಿಗ್ಗೆ ಅಂಗಡಿ ಬಾಗಿಲು ತೆರೆದರೆ ರಾತ್ರಿ ಮುಚ್ಚುವವರೆಗೂ ಸದ್ದು. ಆ ಸದ್ದಿನ ಮೇಲೆ ರೇಡಿಯೊ ಕೇಳಬೇಕೆಂದರೆ ಗುಂಡಿಯನ್ನು ತಿರುಗಿಸಲೇಬೇಕು ಎನ್ನುವುದು ನನ್ನ ವಾದವಾಗಿತ್ತು. ನಮ್ಮ ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ಆಗ ನಾನು ಶಾಲಾ ಹುಡುಗ. ಅಂದಿನಿಂದ ಇಂದಿನವರೆಗೆ ಆ ನಿಲಯವನ್ನು ಕೇಳದೆ ಮಲಗಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಅದರ ಜೊತೆಗೆ ಗಮಕದ ಹುಚ್ಚು. ತುಂಗೆಯ ದಡದ ಮತ್ತೂರು, ಹೊಸಹಳ್ಳಿ ನಮಗೆ ಹತ್ತಿರ. ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿಸಿದವನು ನಾನು. ಗಮಕದಲ್ಲಿ ರಾಗಕ್ಕಿಂತ ಪದ ಮುಖ್ಯ. ಪದ ಕೇಳದಿದ್ದರೆ ಗಮಕವೇ ಇಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೆಡ್‌ಫೋನನ್ನು ನಾನು ಹಾಕಿಕೊಂಡದ್ದು ನಾಲ್ಕೇ ದಿನ. ಮೊದಲನೆಯ ತೊಂದರೆ ನೋವು. ಕನ್ನಡಕದ ಕಡ್ಡಿಯನ್ನು ಬಟ್ಟಲು ತಲೆಗೆ ಒತ್ತಿ ಹದಿನೈದು ನಿಮಿಷಕ್ಕೆ ಕಿವಿಯ ಮೇಲ್ಭಾಗ ಉರಿಯುತ್ತಿತ್ತು. ಎರಡನೆಯದು ಸದ್ದು. ಯಾರೋ ಖಾಲಿ ಹಂಡೆಯೊಳಗೆ ತಲೆ ಹಾಕಿ ಮಾತಾಡಿದಂತೆ ಬುರುಬುರು. “ಇದು ಸರಿಯಿಲ್ಲ” ಎಂದು ಕಪಾಟಿನಲ್ಲಿಟ್ಟೆ. ರೇಡಿಯೊ ಮತ್ತೆ ಮೊದಲಿನಂತೆ ಜೋರಾಗಿ ಶುರುವಾಯಿತು.

ಜನವರಿಯ ಒಂದು ಸಂಜೆ ಮೊಮ್ಮಗಳ ಕೋಣೆಗೆ ಪೆನ್ನು ಹುಡುಕಿಕೊಂಡು ಹೋದೆ. ಅವಳು ಈ ವರ್ಷ ಎಸ್ಸೆಸ್ಸೆಲ್ಸಿ. ನನಗೆ ಬೆನ್ನು ಹಾಕಿ ಕುಳಿತು ಲೆಕ್ಕ ಮಾಡುತ್ತಿದ್ದಳು. ಕರೆದರೆ ತಿರುಗಲಿಲ್ಲ. ಹತ್ತಿರ ಹೋಗಿ ನೋಡಿದರೆ ಎರಡೂ ಕಿವಿಯಲ್ಲಿ ಹತ್ತಿ. ಮೇಜಿನ ಮೇಲೆ ಒಂದು ಡಬ್ಬಿಯಲ್ಲಿ ಇನ್ನೂ ಹತ್ತಿಯ ಉಂಡೆಗಳು, ದಿನಕ್ಕೆ ಎರಡರಂತೆ ಲೆಕ್ಕ ಹಾಕಿ ಮಾಡಿಟ್ಟ ಹಾಗೆ.

“ಏನಮ್ಮ ಇದು? ಶೀತವಾ?” ಎಂದೆ.

ಅವಳು ಹತ್ತಿ ತೆಗೆದು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಇಲ್ಲ ತಾತ. ನಿಮ್ಮ ರೇಡಿಯೊ” ಎಂದಳು. ಬೇಸರದಿಂದಲ್ಲ, ವಿಷಯ ತಿಳಿಸುವ ಹಾಗೆ.

ಆ ರಾತ್ರಿ ನಾನು ರೇಡಿಯೊ ಹಾಕಲಿಲ್ಲ. ಕಪಾಟಿನಿಂದ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು ನೋಡುತ್ತ ಕುಳಿತೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲ. ಗೊತ್ತಿರುವುದು ತಪ್ಪು ಹುಡುಕುವುದು. ಕಂಪ್ಯೂಟರು ಬರುವ ಮೊದಲು ಸಂಜೆ ಲೆಡ್ಜರು ತಾಳೆಯಾಗದಿದ್ದರೆ ಮನೆಗೆ ಹೋಗುವಂತಿರಲಿಲ್ಲ. ಆಗ ನಮಗೆ ಕೆಲವು ಉಪಾಯಗಳಿದ್ದವು. ಮಕ್ಕಳೇ, ನೀವೂ ಮಾಡಿನೋಡಿ: ವ್ಯತ್ಯಾಸದ ಮೊತ್ತ 9ರಿಂದ ಭಾಗವಾದರೆ ಯಾರೋ ಅಂಕಿಗಳನ್ನು ಅದಲುಬದಲು ಬರೆದಿರುವ ಅನುಮಾನ. 540ನ್ನು 450 ಎಂದು ಬರೆದರೆ ವ್ಯತ್ಯಾಸ 90. 81ನ್ನು 18 ಎಂದು ಬರೆದರೆ 63. ಎರಡೂ 9ರಿಂದ ಭಾಗವಾಗುತ್ತವೆ. ಇನ್ನೊಂದು ನಿಯಮ, ಒಂದು ಸಲಕ್ಕೆ ಒಂದೇ ತಿದ್ದುಪಡಿ. ಎರಡು ಕಡೆ ಒಟ್ಟಿಗೆ ತಿದ್ದಿದರೆ ಯಾವುದು ತಪ್ಪಾಗಿತ್ತೆಂದು ಎಂದಿಗೂ ತಿಳಿಯುವುದಿಲ್ಲ.

ಮರುದಿನ ಮೊಮ್ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಗೆರೆ ಎಳೆದೆ. ತಾರೀಖು, ಏನು ಬದಲಾಯಿಸಿದೆ, ಫಲ ಏನು. “ಫಲ ಹೇಗೆ ಅಳೀತೀರಿ ತಾತ? ‘ಚೆನ್ನಾಗಿದೆ’ ಅಂತ ಬರೆದ್ರೆ ಅದು ಅಳತೆ ಅಲ್ಲ” ಎಂದಳು ಅವಳು. ಅವಳೇ ದಾರಿ ಹುಡುಕಿದಳು. ಒಂದರಂತೆ ಇನ್ನೊಂದು ಕೇಳುವ ಇಪ್ಪತ್ತು ಪದಗಳನ್ನು ಆರಿಸಿ, ಮೊಬೈಲಿನಲ್ಲಿ ತಾನೇ ಓದಿ ರೆಕಾರ್ಡು ಮಾಡಿದಳು. ಹಾಲು, ಕಾಲು, ಪಾಲು, ಬಾಲು, ಸರ, ಶರ, ಕರ, ತಟ್ಟೆ, ಕಟ್ಟೆ, ಹೊಟ್ಟೆ, ಹೀಗೆ. ಕೇಳಿದ್ದನ್ನು ನಾನು ಬರೆಯಬೇಕು, ಅವಳು ತಿದ್ದಬೇಕು. ಬಾಯಿಪಾಠ ಆಗದಂತೆ ಪ್ರತಿಸಲ ಕ್ರಮ ಬದಲಾಯಿಸಿ ಓದುತ್ತಿದ್ದಳು. ಮೊಬೈಲಿನ ದನಿಯ ಮಟ್ಟ ಮಾತ್ರ ಪ್ರತಿಸಲ ಒಂದೇ.

ಮೊದಲ ಪರೀಕ್ಷೆಯಲ್ಲಿ ನನಗೆ ಇಪ್ಪತ್ತಕ್ಕೆ ಹನ್ನೊಂದು. “ಪಾಸು ತಾತ, ಆದ್ರೆ ಕ್ಲಾಸಿಲ್ಲ” ಎಂದಳು.

ಇಲ್ಲಿ ಹೆಡ್‌ಫೋನಿನ ಜಾತಿಯನ್ನು ಸ್ವಲ್ಪ ಹೇಳಬೇಕು. ಅಮೆರಿಕದ ಯೂಟಾದಲ್ಲಿ ನಥಾನಿಯೆಲ್ ಬಾಲ್ಡ್‌ವಿನ್ ಎಂಬಾತ 1910ರ ಸುಮಾರಿಗೆ ತನ್ನ ಅಡುಗೆಮನೆಯ ಮೇಜಿನ ಮೇಲೆ ಹೆಡ್‌ಫೋನುಗಳನ್ನು ಮಾಡಿ ಅಲ್ಲಿನ ನೌಕಾಪಡೆಗೆ ಮಾರಿದ. ಅವು ನಿಸ್ತಂತು ಸಂದೇಶ ಕೇಳುವುದಕ್ಕೆ. ಸಂಗೀತಕ್ಕೆಂದೇ ಸ್ಟೀರಿಯೊ ಹೆಡ್‌ಫೋನು ತಂದವನು ಜಾನ್ ಕಾಸ್, 1958ರಲ್ಲಿ. ಹತ್ತು ವರ್ಷಗಳ ನಂತರ, 1968ರಲ್ಲಿ, ಜರ್ಮನಿಯ ಸೆನ್‌ಹೈಸರ್ ಕಂಪನಿ ಹಿಂಬದಿ ತೆರೆದಿರುವ ಹೆಡ್‌ಫೋನನ್ನು ಮಾರುಕಟ್ಟೆಗೆ ಬಿಟ್ಟಿತು. ಅಂದಿನಿಂದ ಎರಡು ಪಂಗಡ. ಬೆನ್ನು ತೆರೆದದ್ದು, ಬೆನ್ನು ಮುಚ್ಚಿದ್ದು.

ಒಳಗೆ ಇರುವುದು ಒಂದು ತೆಳ್ಳನೆಯ ಪೊರೆ. ಅದು ಹಿಂದಕ್ಕೂ ಮುಂದಕ್ಕೂ ಕಂಪಿಸುತ್ತದೆ. ಮುಂದಿನ ಸದ್ದು ಕಿವಿಗೆ ಹೋಗುತ್ತದೆ. ಹಿಂದಿನ ಸದ್ದು? ಬೆನ್ನು ತೆರೆದಿದ್ದರೆ ಅದು ಹೊರಗೆ ಹೋಗುತ್ತದೆ, ಪಕ್ಕದಲ್ಲಿ ಓದುತ್ತಿರುವವರಿಗೂ ಕೇಳುತ್ತದೆ. ಮುಚ್ಚಿದ್ದರೆ ಬಟ್ಟಲಿನ ಗೋಡೆಗೆ ಬಡಿದು ವಾಪಸು ಬಂದು ಪೊರೆಯನ್ನೇ ತಳ್ಳುತ್ತದೆ. ನಾನು ಕೇಳಿದ ಹಂಡೆಯ ಸದ್ದು ಅದೇ. ತಂಬೂರಿಗೆ ಬುರುಡೆ ಬೇಕು, ಏಕೆಂದರೆ ತಂತಿಯ ನಾದಕ್ಕೆ ಬುರುಡೆ ತನ್ನ ನಾದ ಸೇರಿಸಬೇಕು. ಹೆಡ್‌ಫೋನಿಗೆ ಅದು ಬೇಡ. ಅದು ಹಾಡುವ ಬುರುಡೆಯಲ್ಲ, ಹಾಡಿದ್ದನ್ನು ತಲುಪಿಸುವ ಅಂಚೆಯವನು. ನಮ್ಮ ಮನೆಗೆ ಮುಚ್ಚಿದ್ದೇ ಬೇಕಿತ್ತು, ಮೊಮ್ಮಗಳ ಓದಿಗಾಗಿ. ಹಾಗಾದರೆ ಮುಚ್ಚಿದ್ದನ್ನೇ ಪಳಗಿಸಬೇಕು.

ಮೊದಲ ತಿದ್ದುಪಡಿ ನೋವಿಗೆ. ತಲೆಯ ಮೇಲಿನ ಪಟ್ಟಿ ನನ್ನದರಲ್ಲಿ ಉಕ್ಕಿನದು. ಬಟ್ಟಲುಗಳ ನಡುವೆ ನನ್ನ ತಲೆಗಿಂತ ಎರಡು ಬೆರಳು ಹೆಚ್ಚು ಅಗಲ ಬರುವಂತೆ ಮನೆಯ ನಿಘಂಟು, ಹಳೆಯ ಪಂಚಾಂಗಗಳನ್ನು ಜೋಡಿಸಿ, ಅದರ ಮೇಲೆ ಹೆಡ್‌ಫೋನನ್ನು ಎರಡು ರಾತ್ರಿ ಹಾಕಿಟ್ಟೆ. ಹಿಡಿತ ಸಡಿಲವಾಯಿತು. ಪಟ್ಟಿ ಬರೀ ಪ್ಲಾಸ್ಟಿಕ್ಕಾಗಿದ್ದರೆ ಹೀಗೆ ಮಾಡಬೇಡಿ, ಸೀಳುತ್ತದೆ. ತಲೆಯ ನೆತ್ತಿಗೆ ಒತ್ತುವ ಜಾಗಕ್ಕೆ ನನ್ನಾಕೆ ಹಳೆಯ ಹತ್ತಿ ಸೀರೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಹೊಲಿದುಕೊಟ್ಟಳು.

ಆದರೆ ನೋವು ಕಡಿಮೆಯಾದಂತೆ ಸದ್ದು ಕೆಟ್ಟಿತು. ತಂಬೂರಿಯ ಶ್ರುತಿ, ಮೃದಂಗದ ಎಡಭಾಗದ ಗುಮ್ಮನೆ ನಾದ ಮಾಯವಾದವು. ಯಾಕೆಂದು ತಿಳಿಯದೆ ಬಟ್ಟಲುಗಳನ್ನು ಅಂಗೈಯಿಂದ ಕಿವಿಗೆ ಒತ್ತಿ ಹಿಡಿದೆ. ತಕ್ಷಣ ಮೃದಂಗ ವಾಪಸು ಬಂತು! ಕೈ ಬಿಟ್ಟರೆ ಹೋಯಿತು. ಅಂದರೆ ಬಟ್ಟಲಿಗೂ ಕೆನ್ನೆಗೂ ನಡುವೆ ಸೋರಿಕೆ. ತಗ್ಗು ಸ್ವರಕ್ಕೆ ಗಾಳಿಯನ್ನು ಹಿಂದೆ ಮುಂದೆ ಜೋರಾಗಿ ತಳ್ಳಬೇಕು. ಸಂದಿ ಇದ್ದರೆ ಆ ಗಾಳಿ ಅಲ್ಲೇ ನುಸುಳಿಹೋಗುತ್ತದೆ, ಪಂಚರಾದ ಟೈರಿಗೆ ಗಾಳಿ ಹೊಡೆದಂತೆ. ಸಂದಿ ಮಾಡಿದ್ದು ನನ್ನ ಕನ್ನಡಕದ ಕಡ್ಡಿ.

ಕಿವಿಯ ಸುತ್ತಲಿನ ದಿಂಬುಗಳು ಗಟ್ಟಿಯಾಗಿದ್ದವು. ಒಂದು ಮೊಬೈಲು ಅಂಗಡಿಯಲ್ಲಿ ಮೆತ್ತನೆಯ, ಒತ್ತಿದರೆ ನಿಧಾನವಾಗಿ ಮೇಲೇಳುವ ಸ್ಪಂಜಿನ ದಿಂಬು ಸಿಕ್ಕಿತು. ಜೋಡಿಗೆ 250 ರೂಪಾಯಿ. ಇದು ಕಡ್ಡಿಯ ಸುತ್ತ ತಾನೇ ಬಾಗಿ ಸಂದಿಯನ್ನು ಮುಚ್ಚುತ್ತದೆ. ಮೊದಲು ಬಟ್ಟೆಯ ಹೊದಿಕೆಯದನ್ನು ನೋಡಿದ್ದೆ. ಅದು ತಂಪು, ಆದರೆ ಗಾಳಿ ಬಿಡುತ್ತದೆ, ಸೋರಿಕೆ ಉಳಿಯುತ್ತದೆ. ಹೀಗಾಗಿ ತೊಗಲಿನಂಥ ಹೊದಿಕೆಯದನ್ನೇ ತಂದೆ. ಆ ದಿನದ ಅಂಕ ಹದಿಮೂರು. ಒಂದು ಗಂಟೆ ಹಾಕಿಕೊಂಡರೂ ಕಿವಿ ಉರಿಯಲಿಲ್ಲ. ಅದಕ್ಕಿಂತ ದೊಡ್ಡ ಲಾಭ, ದುರ್ಗಿಗುಡಿಯ ಹಾರನ್ನು ಒಳಗೆ ಬರುವುದು ಕಡಿಮೆಯಾಯಿತು.

ಎರಡನೆಯ ತಿದ್ದುಪಡಿ ಬಟ್ಟಲಿನ ಒಳಗೆ. ದಿಂಬು ತೆಗೆದರೆ ನಾಲ್ಕು ಸಣ್ಣ ತಿರುಪು. ಬಿಚ್ಚಿದೆ. ಆತುರದಲ್ಲಿ ಮುಚ್ಚಳ ಎಳೆದ ರಭಸಕ್ಕೆ ಕೂದಲಿನಷ್ಟು ತೆಳ್ಳಗಿನ ವೈರು ಕಿತ್ತುಬಂತು. ಆ ಬಟ್ಟಲು ಮೂಕವಾಯಿತು. ಉಡುಗೊರೆ ಹಾಳು ಮಾಡಿದೆನೆಂದು ಬೆವರಿಬಿಟ್ಟೆ. ಹಿಂದಿನ ರಸ್ತೆಯ ರೇಡಿಯೊ ರಿಪೇರಿಯವರು ಒಂದು ನಿಮಿಷದಲ್ಲಿ ಬೆಸುಗೆ ಹಾಕಿಕೊಟ್ಟು, “ಮುಚ್ಚಳವನ್ನ ಪುಸ್ತಕದ ಪುಟ ತೆರೆದ ಹಾಗೆ ತೆರೀರಿ ಸಾರ್, ಎಳೀಬೇಡಿ” ಎಂದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಒಳಗೆ ನೋಡಿದರೆ ಬರೀ ಖಾಲಿ ಪ್ಲಾಸ್ಟಿಕ್ ಬಟ್ಟಲು. ನೀವೊಂದು ಪ್ರಯೋಗ ಮಾಡಿ. ಖಾಲಿ ಸ್ಟೀಲಿನ ಚೊಂಬನ್ನು ಬಾಯಿಯ ಹತ್ತಿರ ಹಿಡಿದು ನಿಮ್ಮ ಹೆಸರು ಹೇಳಿ. ಆಮೇಲೆ ಒಳಗೆ ಒಂದು ಕರ್ಚೀಫನ್ನು ಸಡಿಲವಾಗಿ ಹಾಕಿ ಮತ್ತೆ ಹೇಳಿ. ಗುಂಯ್‌ಗುಡುವುದು ನಿಲ್ಲುತ್ತದೆ. ಬಟ್ಟೆಯ ಎಳೆಗಳ ನಡುವೆ ನುಗ್ಗುವಾಗ ಸದ್ದಿನ ಗಾಳಿ ಉಜ್ಜಿ ಉಜ್ಜಿ ಸುಸ್ತಾಗುತ್ತದೆ, ಅದರ ಶಕ್ತಿ ಲವಲೇಶದಷ್ಟು ಬಿಸಿಯಾಗಿ ಕಳೆದುಹೋಗುತ್ತದೆ. ಇದಕ್ಕೂ ಲೆಕ್ಕವಿದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ. ಸೆಕೆಂಡಿಗೆ 100 ಸಲ ಕಂಪಿಸುವ ತಗ್ಗು ಸ್ವರದ ಒಂದು ಅಲೆಯ ಉದ್ದ 3.4 ಮೀಟರು, ಒಂದು ಕೋಣೆಯಷ್ಟು. 5000 ಸಲ ಕಂಪಿಸುವ ಸದ್ದಿನ ಅಲೆ 7 ಸೆಂಟಿಮೀಟರಿಗೂ ಕಡಿಮೆ, ಹೆಚ್ಚುಕಡಿಮೆ ಬಟ್ಟಲಿನ ಅಗಲದಷ್ಟು. ಹೀಗಾಗಿ ಬಟ್ಟಲಿನ ಗೋಡೆಗಳ ನಡುವೆ ಚೆಂಡಿನಂತೆ ಪುಟಿಯುವುದು ಇಂಥ ಪುಟ್ಟ ಅಲೆಗಳೇ. ಹತ್ತಿ ಹಿಡಿಯುವುದೂ ಅವನ್ನೇ.

“ಹತ್ತಿ ಬೇಕಲ್ಲ” ಎಂದೆ. ಮೊಮ್ಮಗಳು ತನ್ನ ಮೇಜಿನ ಡಬ್ಬಿಯನ್ನು ತಂದು ನನ್ನ ಮುಂದಿಟ್ಟಳು.

ಎರಡೂ ಬಟ್ಟಲಿಗೆ ಒಟ್ಟಿಗೆ ಹಾಕುವುದರಲ್ಲಿದ್ದೆ. ಅವಳು ತಡೆದಳು. “ಒಂದು ಸಲಕ್ಕೆ ಒಂದೇ ಅಂದಿದ್ರಿ. ಎಡದ ಬಟ್ಟಲಿಗೆ ಮಾತ್ರ ಹಾಕಿ. ಬಲಗಡೆದು ಹಾಗೇ ಇರಲಿ. ಎರಡನ್ನೂ ಒಟ್ಟಿಗೇ ಹೋಲಿಸಬಹುದು.” ನನ್ನ ನಿಯಮದಿಂದ ನನ್ನನ್ನೇ ಕಟ್ಟಿಹಾಕಿದಳು.

ಎಡದ ಬಟ್ಟಲಿಗೆ ಮೊದಲು ದಿಂಬಿಗೆ ತುಂಬಿದಂತೆ ಹತ್ತಿ ಗಿಡಿದೆ. ಸದ್ದು ಸತ್ತೇಹೋಯಿತು, ಕಂಬಳಿ ಹೊದ್ದು ಮಾತಾಡಿದಂತೆ. ಅರ್ಧ ತೆಗೆದು, ಉಳಿದದ್ದನ್ನು ಬಿಡಿಸಿ ಹಗುರವಾಗಿ ಹರಡಿದೆ. ಎಳೆಗಳು ಪೊರೆಗೆ ತಾಗದಂತೆ ನಡುವೆ ತೆಳ್ಳನೆಯ ಮಲ್‌ಮಲ್ ಬಟ್ಟೆ ಇಟ್ಟೆ. ಗೋಡೆಯನ್ನು ಬೆರಳಿನಿಂದ ತಟ್ಟಿದರೆ ‘ಟಕ್’ ಎಂದು ಟೊಳ್ಳಾಗಿ ನುಡಿಯುತ್ತಿತ್ತು. ಮೊಮ್ಮಗಳು ಚಿಕ್ಕವಳಿದ್ದಾಗ ಆಡಿದ ಬಣ್ಣದ ಜೇಡಿ ಮನೆಯಲ್ಲಿತ್ತು. ಅದರ ತೆಳ್ಳನೆಯ ಹಾಳೆ ತಟ್ಟಿ ಗೋಡೆಗೆ ಅಂಟಿಸಿದೆ. ಈಗ ತಟ್ಟಿದರೆ ‘ದಪ್’. ಬಟ್ಟಲಿಗೆ ಎಂಟು ಗ್ರಾಮಿಗಿಂತ ಹೆಚ್ಚು ಹಾಕಲಿಲ್ಲ, ತಲೆಗೆ ಭಾರವಾಗುತ್ತದೆ. ಬಟ್ಟಲಿನ ತಳದಲ್ಲಿದ್ದ ಸೂಜಿತೂತನ್ನು ಕಂಪನಿಯ ಅಜಾಗರೂಕತೆ ಎಂದುಕೊಂಡು ಟೇಪಿನಿಂದ ಮುಚ್ಚಿದೆ. ತಗ್ಗು ಸ್ವರವೇ ಬಡವಾಯಿತು. ಒಳಗಿನ ಗಾಳಿ ಉಸಿರಾಡಲು ತಯಾರಿಸಿದವರು ಅದನ್ನು ಬೇಕೆಂದೇ ಇಟ್ಟಿದ್ದರು. ಟೇಪು ಕಿತ್ತೆ. ತಿದ್ದುವವನಿಗೆ ಮೊದಲು ಬೇಕಾದದ್ದು, ಮಾಡಿದವನು ನನಗಿಂತ ದಡ್ಡನಲ್ಲ ಎಂಬ ನಂಬಿಕೆ.

ಹಾಕಿಕೊಂಡು ಗಮಕ ಕೇಳಿದೆ. ಒಬ್ಬರೇ ವಾಚಿಸುವ ಗಮಕ ಎರಡೂ ಕಿವಿಗೆ ಒಂದೇ ಸಮ ಬರಬೇಕು. ಎಡಗಿವಿಯಲ್ಲಿ ಪದ ಪದವೂ ಸ್ಪಷ್ಟ. ಬಲಗಿವಿಯಲ್ಲಿ ಮಂಕು. “ನೋಡಿದ್ಯಾ ಹತ್ತಿಯ ಮಹಿಮೆ!” ಎಂದು ಬೀಗಿದೆ.

ಮೊಮ್ಮಗಳು ಒಂದು ಕ್ಷಣ ಯೋಚಿಸಿ, “ತಾತ, ತಿರುಗಿಸಿ ಹಾಕ್ಕೊಳ್ಳಿ” ಎಂದಳು.

ತಿರುಗಿಸಿದೆ. ಹತ್ತಿಯ ಬಟ್ಟಲು ಈಗ ಬಲಗಿವಿಗೆ, ಖಾಲಿಯದು ಎಡಗಿವಿಗೆ. ಹಂಡೆಯ ಬುರುಬುರು ಬಟ್ಟಲಿನ ಜೊತೆಗೇ ಬಲದಿಂದ ಎಡಕ್ಕೆ ಬಂತು. ಅದು ಸರಿ, ಅದು ಬಟ್ಟಲಿನ ತಪ್ಪು. ಆದರೆ ಮಂಕು ಬರಲಿಲ್ಲ. ಬಲಗಿವಿಯಲ್ಲೇ ಕೂತಿತ್ತು.

ಮತ್ತೆ ತಿರುಗಿಸಿದೆ. ಮತ್ತೊಮ್ಮೆ. ನಾಲ್ಕು ಸಲ ಮಾಡಿದರೂ ಫಲ ಅದೇ. ತಪ್ಪು ಡಬ್ಬದ್ದಾಗಿದ್ದರೆ ಡಬ್ಬದ ಜೊತೆ ಬರಬೇಕಿತ್ತು. ನಲವತ್ತು ವರ್ಷ ಲೆಕ್ಕ ತಾಳೆ ನೋಡಿದವನಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳಿಗೂ ತಿಳಿದಿತ್ತು. ಏನೂ ಹೇಳದೆ ಪುಸ್ತಕ ತೆಗೆದುಕೊಂಡು ಓದಲು ಹೋದಳು.

ಮರುದಿನ ಬಲದ ಬಟ್ಟಲಿಗೂ ಹತ್ತಿ, ಜೇಡಿ ಹಾಕಿ ಮುಗಿಸಿದೆ. ಅಂಕ ಹದಿನೈದಕ್ಕೆ ಏರಿ ನಿಂತಿತು. ಹತ್ತಿ ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ. ಹದಿನೈದೇ. ಮೊಬೈಲಿನ ದನಿ ಮಾತ್ರ ಹದಿನಾಲ್ಕನೇ ಗೆರೆಯಲ್ಲಿ ಇಡಬೇಕಿದ್ದುದು ಈಗ ಒಂಬತ್ತಕ್ಕೇ ಸಾಕಾಗುತ್ತಿತ್ತು. ತಪ್ಪಿದ ಐದು ಪದ ಯಾವುವೆಂದು ನೋಟ್‌ಬುಕ್ಕು ತಿರುವಿದೆ. ಎಲ್ಲ ದಿನವೂ ಅವೇ. ಸ, ಶ, ತ, ಕ, ಹ ಇರುವ ಪದಗಳು. ಆಗ ನೆನಪಾಯಿತು, ಹಿಂದಿನ ತಿಂಗಳು ಸೊಸೆ ಅಡುಗೆಮನೆಯಿಂದ “ಹಾಲು ಬೇಕಾ ಮಾವ?” ಎಂದಾಗ ನಾನು, “ಇಲ್ಲಮ್ಮ, ಇವತ್ತು ನೋವಿಲ್ಲ” ಎಂದಿದ್ದೆ. ನನಗೆ ಕೇಳಿದ್ದು ‘ಕಾಲು’. ಮನೆಯವರೆಲ್ಲ ನಕ್ಕಿದ್ದರು, ನಾನೂ ನಕ್ಕಿದ್ದೆ. ಅವಳು ಗೊಣಗುತ್ತಾಳೆ ಎಂದು ಒಳಗೊಳಗೇ ಅಂದುಕೊಂಡಿದ್ದೆ.

ಹತ್ತು ದಿನ ಈ ವಿಷಯವನ್ನು ಯಾರಿಗೂ ಹೇಳಲಿಲ್ಲ. ರಸ್ತೆಯ ಸದ್ದು, ರೇಡಿಯೊದ ಗುಣಮಟ್ಟ, ಸೊಸೆಯ ಉಚ್ಚಾರಣೆ, ಹೆಡ್‌ಫೋನಿನ ಡಬ್ಬ, ಎಲ್ಲರ ಖಾತೆಗೂ ಖರ್ಚು ಹಾಕಿದ್ದೆ. ನನ್ನ ಖಾತೆಯನ್ನು ತೆರೆದೇ ಇರಲಿಲ್ಲ. ಕೊನೆಗೆ ನನ್ನಾಕೆಗೆ ಹೇಳಿದಾಗ ಅವಳು ಆಶ್ಚರ್ಯಪಡಲಿಲ್ಲ. “ನನಗೆ ಮೂರು ವರ್ಷದಿಂದ ಗೊತ್ತು. ಅದಕ್ಕೇ ನಿಮ್ಮ ಎಡಗಡೆ ಕೂತ್ಕೊಳ್ತೀನಿ” ಎಂದಳು.

ಕಿವಿಯ ವೈದ್ಯರು ಮೊದಲು ಬಲಗಿವಿಯಿಂದ ಗುಗ್ಗೆಯ ಒಂದು ಗಟ್ಟಿ ಉಂಡೆ ತೆಗೆದರು. ಮಂಕು ಅರ್ಧ ಕಡಿಮೆಯಾಯಿತು. ಮಿಕ್ಕರ್ಧಕ್ಕೆ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನೇ ಹಾಕಿ, ಸಣ್ಣ ಸಣ್ಣ ಸದ್ದು ಕೇಳಿಸಿ, ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಬಂದ ನಕ್ಷೆಯಲ್ಲಿ ಗೆರೆ ತಗ್ಗು ಸ್ವರದಲ್ಲಿ ಸಮನಾಗಿ ಹೋಗಿ, ಏರು ಸ್ವರದ ಕಡೆ ಆಗುಂಬೆಯ ಘಾಟಿಯಂತೆ ಇಳಿದಿತ್ತು. ಬಲಗಿವಿಯದು ಇನ್ನಷ್ಟು ಕೆಳಗೆ.

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಿವಿಯ ಒಳಗೆ ಬಸವನಹುಳುವಿನ ಚಿಪ್ಪಿನಂಥ ಸುರುಳಿ ಇದೆ. ಅದರಲ್ಲಿ ಕೂದಲಿನಂಥ ಎಳೆಗಳಿರುವ ಸುಮಾರು 15,000 ಜೀವಕೋಶಗಳು. ಏರು ಸ್ವರ ಕೇಳುವ ಕೋಶಗಳು ಸುರುಳಿಯ ಬಾಗಿಲಲ್ಲೇ ಇವೆ, ತಗ್ಗು ಸ್ವರದವು ಒಳಗಿನ ತುದಿಯಲ್ಲಿ. ವಯಸ್ಸಾದಂತೆ ಬಾಗಿಲಿನವೇ ಮೊದಲು ಸವೆಯುತ್ತವೆ. ಅ, ಆ, ಒ ಮುಂತಾದ ಸ್ವರಗಳಿಗೆ ತಗ್ಗು ಕಂಪನ ಸಾಕು. ಸ, ಶ, ತ, ಕದಂಥ ವ್ಯಂಜನಗಳನ್ನು ಒಂದರಿಂದ ಒಂದು ಬೇರೆ ಮಾಡುವುದು ಏರು ಕಂಪನ. ಆದ್ದರಿಂದ ಮುದುಕರಿಗೆ ಮಾತು ಕೇಳುತ್ತದೆ, ಪದ ತಿಳಿಯುವುದಿಲ್ಲ. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಹತ್ತಿ, ಜೇಡಿ, ದಿಂಬು, ಯಾವುದೂ ಅದನ್ನು ತರಲಾರದು.

ಇಲ್ಲಿ ಮಕ್ಕಳಿಗೆ ಒಂದು ಮಾತು. ಈ ಕೋಶಗಳು ವಯಸ್ಸಿನಿಂದ ಮಾತ್ರ ಸಾಯುವುದಿಲ್ಲ, ಜೋರು ಸದ್ದಿನಿಂದಲೂ ಸಾಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಮಿತಿ, ದೊಡ್ಡವರಿಗೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್, ಅದೂ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿಸಿದಾಗಲೂ ಸಮಯ ಅರ್ಧಕ್ಕೆ ಇಳಿಯಬೇಕು. 75ರಲ್ಲಿ 40 ಗಂಟೆ ಕೇಳುವ ಮಗು 78ರಲ್ಲಿ 20 ಗಂಟೆ, 81ರಲ್ಲಿ 10 ಗಂಟೆ ಮಾತ್ರ. ಇದನ್ನು ಬ್ಯಾಂಕಿನ ಠೇವಣಿಯಂತೆ ಯೋಚಿಸಿ. ತೆಗೆಯಬಹುದು, ಮತ್ತೆ ಕಟ್ಟಲು ಬರುವುದಿಲ್ಲ. ಕಿವಿಗೆ ಹೊಂದುವ, ಸೋರಿಕೆಯಿಲ್ಲದ ಹೆಡ್‌ಫೋನಿನ ನಿಜವಾದ ಲಾಭ ಇಲ್ಲಿದೆ. ಹೊರಗಿನ ಗದ್ದಲ ಒಳಬರದಿದ್ದರೆ ಒಳಗಿನ ದನಿಯನ್ನು ಏರಿಸಬೇಕಾಗಿಲ್ಲ. ಆದರೆ ರಸ್ತೆ ದಾಟುವಾಗ, ಸೈಕಲ್ ಹೊಡೆಯುವಾಗ ಅದು ಕಿವಿಯ ಮೇಲೆ ಇರಕೂಡದು. ಇನ್ನು ಬಿಚ್ಚುವ ಆಸೆಯಾದರೆ ದೊಡ್ಡವರ ಜೊತೆ ಕೂತು, ವೈರಿನ ಹಳೆಯದನ್ನು ಮಾತ್ರ ಬಿಚ್ಚಿ. ವೈರಿಲ್ಲದ್ದರ ಒಳಗೆ ಬ್ಯಾಟರಿ ಇರುತ್ತದೆ, ಅದರ ತಂಟೆ ಬೇಡ. ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಎಂಬುದೂ ಗೊತ್ತಿರಲಿ.

ಅಜ್ಜ ಅಜ್ಜಿಯರಿಗೂ ಒಂದು ಮಾತು. ಶ್ರವಣಯಂತ್ರ ಹಾಕಿಕೊಳ್ಳಿ ಎಂದಾಗ ನಾನು ಒಂದು ತಿಂಗಳು ಮುಂದೂಡಿದೆ. ಗೆಳೆಯರು ಏನೆಂದಾರು ಎಂಬ ನಾಚಿಕೆ. “ಕಣ್ಣಿಗೆ ಕನ್ನಡಕ ಹಾಕ್ಕೊಂಡು ಮೂವತ್ತು ವರ್ಷ ಆಯ್ತು, ಅದಕ್ಕಿಲ್ಲದ ನಾಚಿಕೆ ಇದಕ್ಯಾಕೆ?” ಎಂದು ನನ್ನಾಕೆ ಕೇಳಿದಳು. ಉತ್ತರ ಇರಲಿಲ್ಲ. ಈಗ ಬಲಗಿವಿಯ ಹಿಂದೆ ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದೊಂದು ಯಂತ್ರ ಇದೆ. ಮೊದಲ ವಾರ ತಟ್ಟೆ ಲೋಟದ ಸದ್ದೆಲ್ಲ ಚುಚ್ಚಿದಂತಾಯಿತು, ಆಮೇಲೆ ಒಗ್ಗಿತು. ಅದರ ಮೇಲೆ ಹೆಡ್‌ಫೋನು ಹಾಕಿದರೆ ಕುಯ್ಯನೆ ಶಿಳ್ಳೆ ಹೊಡೆಯುತ್ತದೆ. ಆದ್ದರಿಂದ ರಾತ್ರಿ ಗಮಕ ಕೇಳುವಾಗ ಯಂತ್ರವನ್ನು ತೆಗೆದು ಡಬ್ಬಿಯಲ್ಲಿಡುತ್ತೇನೆ. ಹತ್ತಿಯ ಉಂಡೆಗಳಿದ್ದ ಅದೇ ಡಬ್ಬಿ, ಈಗ ಖಾಲಿಯಾಗಿತ್ತು.

ಮೊಮ್ಮಗಳ ಪರೀಕ್ಷೆ ಮುಗಿಯಿತು. ಕೊನೆಯ ಪತ್ರಿಕೆಯ ಹಿಂದಿನ ರಾತ್ರಿ ನಾನು ಗಮಕ ಕೇಳುತ್ತ ಕುಳಿತಿದ್ದೆ, ಅವಳು ಎದುರಿಗೇ ಕುಳಿತು ಓದುತ್ತಿದ್ದಳು. ಇಬ್ಬರ ನಡುವೆ ಒಂದು ಮೇಜು. ಅವಳ ಕಿವಿಯಲ್ಲಿ ಏನೂ ಇರಲಿಲ್ಲ.

ಮೊನ್ನೆ ಸಂಜೆ ಯಂತ್ರ ಹಾಕಿಕೊಂಡು ಪೇಪರು ಓದುತ್ತಿದ್ದೆ. ಅಡುಗೆಮನೆಯಿಂದ ಸೊಸೆ, ಕೂಗದೆ, ಮಾಮೂಲಿ ದನಿಯಲ್ಲಿ, “ಹಾಲು ಬೇಕಾ ಮಾವ?” ಎಂದಳು.

“ಅರ್ಧ ಲೋಟ ಸಾಕಮ್ಮ” ಎಂದೆ.

ಯಾರೂ ನಗಲಿಲ್ಲ. ಯಾರೂ ಗಮನಿಸಲೂ ಇಲ್ಲ. ಹಾಲು ಬಂತು.